ಲೀಟರಿಗೆ ಮೂವತ್ತು

ಮದ್ದೂರು ಕಡೆಯ ಪುಟ್ಟಮಾದೇಗೌಡರ ಹಳೇ ಕಾರು ಲೀಟರಿಗೆ ಹತ್ತು ಕಿಲೋಮೀಟರ್ ಓಡಿದರೆ ಹೆಚ್ಚು. ಒಂದು ದಿನ ಗೌಡರು ಡ್ರೈವರ್ ಜವರಪ್ಪನನ್ನು ಕರೆದು, "ನಾಳೆಯಿಂದ ಮೂವತ್ತು ಬರಬೇಕು. ಬರ್ಲಿಲ್ವೋ, ಕೀ ಇಟ್ಟು ಮನೆಗೆ ಹೋಗು" ಅಂದುಬಿಟ್ಟರು.

ಹದಿನೆಂಟು ವರ್ಷ ಅದೇ ಕಾರು ಓಡಿಸಿದ್ದ ಜವರಪ್ಪನಿಗೆ ಅದು ಆಗದ ಮಾತೆಂದು ಗೊತ್ತಿತ್ತು. ಆದರೂ, "ಆಗ್ಲಿ ಗೌಡ್ರೆ" ಅಂದ.

ಮರುದಿನ ಗೌಡರು ಮಗಳ ಮದುವೆ ಮಾತಿಗೆ ಬೀಗರ ಊರಿಗೆ ಹೊರಟರು. ಊರಾಚೆ, ಅದೇ ದಾರಿಯಲ್ಲಿ ಸಕ್ಕರೆ ಕಾರ್ಖಾನೆಗೆ ಹೊರಟು ನಿಂತಿದ್ದ ಕಬ್ಬಿನ ಟ್ರ್ಯಾಕ್ಟರಿಗೆ ಜವರಪ್ಪ ಹಗ್ಗದಿಂದ ಕಾರು ಕಟ್ಟಿ, ಎಂಜಿನ್ ಆಫ್ ಮಾಡಿದ. ಕಾರು ಸದ್ದಿಲ್ಲದೆ ಸಾಗಿತು.

"ಒಂದು ಹನಿ ಪೆಟ್ರೋಲೂ ಸುಡ್ತಿಲ್ಲ ಗೌಡ್ರೆ."

"ಭೇಷ್ ಕಣೋ. ಇಷ್ಟು ದಿನ ಈ ಬುದ್ಧಿ ಎಲ್ಲಿತ್ತು?" ಗೌಡರು ಮೀಸೆ ತಿರುವಿದರು.

ಬೀಗರ ಮನೆ ಬಂತು. ಬಾಗಿಲಲ್ಲಿ ಹೆಂಗಸರು ಆರತಿ ತಟ್ಟೆ ಹಿಡಿದು ನಿಂತಿದ್ದರು. ಟ್ರ್ಯಾಕ್ಟರ್ ನಿಲ್ಲಲಿಲ್ಲ. ಗೌಡರು ಕಿಟಕಿಯಿಂದ ಕೈಮುಗಿಯುತ್ತಲೇ ಆರತಿ ದಾಟಿ ಹೋದರು.

"ನಿಲ್ಸೋ ಜವರ, ನಿಲ್ಸೋ."

"ಬ್ರೇಕ್ ಒತ್ತಿದ್ರೆ ಹಗ್ಗ ಕಿತ್ತೋಗ್ತದೆ ಗೌಡ್ರೆ. ವಾಪಸ್ ಬರಕ್ಕೆ ಎಂಜಿನ್ ಹಾಕ್ಬೇಕು. ಮೂವತ್ತು ಬರಾಕಿಲ್ಲ. ಏನ್ ಮಾಡ್ಲಿ, ಹೇಳಿ."

ಗೌಡರು ಹಿಂತಿರುಗಿ ನೋಡಿದರು. ಬೀಗರು ಪಂಚೆ ಎತ್ತಿಕಟ್ಟಿ ಕಾರಿನ ಹಿಂದೆ ಓಡಿಬರುತ್ತಿದ್ದರು.

"ಹತ್ತೇ ಬರ್ಲಿ ಕಣಪ್ಪ, ಎಂಟೇ ಬರ್ಲಿ. ಎಂಜಿನ್ ಹಾಕು."

ಜವರಪ್ಪ ಬ್ರೇಕ್ ಒತ್ತಿದ. ಹಗ್ಗ ಪಟ್ಟನೆ ಕಿತ್ತುಹೋಯಿತು. ಕಾರು ಗುರ್ ಎನ್ನುತ್ತಾ ತಿರುಗಿ ಬಂದು, ದಾರಿಯಲ್ಲಿ ಏದುಸಿರು ಬಿಡುತ್ತಿದ್ದ ಬೀಗರನ್ನೂ ಹತ್ತಿಸಿಕೊಂಡು ಅವರ ಬಾಗಿಲಲ್ಲಿ ನಿಂತಿತು. ಇಳಿಯುವಾಗ ಗೌಡರು ಜವರಪ್ಪನ ಕಿವಿಯ ಹತ್ತಿರ ಬಾಗಿ ಹೇಳಿದರು:

"ಊಟ ಮುಗಿಯೋದ್ರೊಳಗೆ ಟ್ಯಾಂಕ್ ತುಂಬಿಸ್ಕೊಂಡು ಬಂದ್ಬಿಡಪ್ಪ."