ಹೊಳೆಗೆ ಬಿದ್ದ ಒರಳುಕಲ್ಲು

ಹೊಳೆದಂಡೆಯ ಆಶ್ರಮದಲ್ಲಿ ಗುರುಶಾಂತ ಅನ್ನೋ ಶಿಷ್ಯನಿದ್ದ. ಹನ್ನೆರಡು ವರ್ಷದಿಂದ ಅವನಿಗೆ ಒಂದೇ ಹಂಬಲ, ತನಗೊಂದು ಸಿದ್ಧಿ ಒಲಿಯಬೇಕು. ಪುಟಾಣಿಯದಾದರೂ ಸರಿಯೇ.

ಒಂದು ಬೆಳಿಗ್ಗೆ ಅಡುಗೆಮನೆಯ ದೊಡ್ಡತಾಯಮ್ಮ ಹೊಸ ಒರಳುಕಲ್ಲನ್ನು ಹರಿಗೋಲಿನಲ್ಲಿ ತರಿಸಿದಳು. ಆಚೆ ದಡದಲ್ಲಿ ಅದನ್ನು ಎತ್ತಿಡೋಕೆ ಇಬ್ಬರು ಗಟ್ಟಿ ಆಳುಗಳೇ ಏದುಸಿರು ಬಿಟ್ಟಿದ್ದರು. ಈಚೆ ದಡ ಇನ್ನು ನಾಲ್ಕು ಮಾರು ಅನ್ನುವಾಗ ಹರಿಗೋಲು ವಾಲಿತು. ಕಲ್ಲು ಗುಳುಂ!

"ಅಯ್ಯೋ ಶಿವನೇ, ನಾಳೆ ನೂರು ಜನಕ್ಕೆ ಊಟ. ಯಾವುದರಲ್ಲಿ ರುಬ್ಬಲಿ?" ದೊಡ್ಡತಾಯಮ್ಮ ತಲೆ ಮೇಲೆ ಕೈ ಹೊತ್ತಳು.

ಗುರುಶಾಂತ ಪಂಚೆ ಬಿಗಿದು ಎದೆಮಟ್ಟದ ನೀರಿಗೆ ಇಳಿದ. ಮುಳುಗಿ ಕಲ್ಲನ್ನು ತಬ್ಬಿ ಎತ್ತಿದ. ಎದ್ದೇಬಿಟ್ಟಿತು! ಇಬ್ಬರು ಹೊರುವ ಕಲ್ಲನ್ನು ಹೊಟ್ಟೆಗವುಚಿಕೊಂಡು ಒಬ್ಬನೇ ನೀರೊಳಗೆ ನಡೆದ.

"ಸಿದ್ಧಿ ಬಂತು! ಬುದ್ಧೀ, ನನಗೆ ಸಿದ್ಧಿ ಬಂತು!" ಅಂತ ಆಶ್ರಮದ ಗುರುಗಳತ್ತ ಕೂಗಿದ.

ದಂಡೆಯಲ್ಲಿದ್ದ ನಾಲ್ಕಾರು ಜನ ಕೈ ಮುಗಿದೂಬಿಟ್ಟರು.

ನೀರು ಮೊಣಕಾಲಿಗೆ ಇಳಿಯಿತು. ಕಲ್ಲು ಹೊರಗೆ ಬಂತು. ಬಂದದ್ದೇ ತಡ, ಬೆನ್ನು ಮುರಿಯೋ ಭಾರ. ಕಲ್ಲು ದೊಪ್ಪನೆ ಬಿತ್ತು, ಪಕ್ಕದಲ್ಲಿ ಇವನೂ ಬಿದ್ದ.

"ಹೆಮ್ಮೆಪಟ್ಟೆ ಬುದ್ಧೀ. ಅದಕ್ಕೇ ಸಿದ್ಧಿ ಕೈಬಿಟ್ಟು ಹೋಯಿತು" ಅಂತ ಅಳತೊಡಗಿದ.

ಗುರುಗಳು ಮೆಟ್ಟಿಲ ಮೇಲೆ ಬೇಯಿಸಿದ ಕಡಲೇಕಾಯಿ ಸುಲಿಯುತ್ತ ಕೂತಿದ್ದರು.

"ಹಾಗೋ? ಕಲ್ಲನ್ನ ಮತ್ತೆ ಒಳಕ್ಕೆ ಉರುಳಿಸು. ಈ ಸಲ ಬೇಕಂತಲೇ ಹೆಮ್ಮೆಪಟ್ಟು ಎತ್ತು."

ಗುರುಶಾಂತ ಎದೆ ಉಬ್ಬಿಸಿದ. "ಮೂರು ಲೋಕದಲ್ಲಿ ನನ್ನಂಥವನಿಲ್ಲ!" ಅಂದು ನೀರೊಳಗೆ ಎತ್ತಿದ. ಕಲ್ಲು ಹಗುರ.

"ಈಗ ವಿನಯದಿಂದ ಹೊರಗೆ ತಾ."

"ನಾನು ಕಾಲ ಧೂಳು, ನಾನು ಕಾಲ ಧೂಳು" ಅನ್ನುತ್ತ ದಡದ ಕಡೆ ನಡೆದ. ನೀರು ಬಿಟ್ಟದ್ದೇ, ದೊಪ್!

ದೊಡ್ಡತಾಯಮ್ಮನಿಗೆ ನಗು ತಡೆಯಲಾಗಲಿಲ್ಲ. ಅಳುತ್ತಿದ್ದವನಿಗೂ ನಗು ಬಂತು.

"ಹಾಗಾದರೆ ಎತ್ತಿದ್ದು ಯಾರು ಬುದ್ಧೀ?"

ಗುರುಗಳು ಒಂದು ಖಾಲಿ ಕೊಡ ಕೊಟ್ಟರು. "ಬಾಯಿ ಮೇಲಿರಲಿ. ಒಳಗೆ ನೀರು ನುಗ್ಗದ ಹಾಗೆ ಕೆಳಕ್ಕೆ ಅದುಮು."

ಅದುಮಿದ. "ಕೆಳಗಿನಿಂದ ಯಾರೋ ನೂಕುತ್ತಾರೆ ಬುದ್ಧೀ! ಅದುಮಿದಷ್ಟೂ ಜೋರು!"

"ಆಳದ ನೀರಿನ ತಲೆ ಮೇಲೆ ಮೇಲಿನ ನೀರೆಲ್ಲ ಕೂತಿದೆ. ಹೊರೆ ಹೆಚ್ಚಿದಷ್ಟೂ ಅದರ ಒತ್ತು ಹೆಚ್ಚು. ಮುಳುಗಿದ ಕಲ್ಲನ್ನ ನೆತ್ತಿಯ ಮೇಲಿನ ನೀರು ಕೆಳಕ್ಕೆ ಒತ್ತುತ್ತೆ. ಬುಡದ ನೀರು ಅದಕ್ಕಿಂತ ಜೋರಾಗಿ ಮೇಲಕ್ಕೆ ಒತ್ತುತ್ತೆ. ನೀನು ಹೊತ್ತದ್ದು ಮಿಕ್ಕ ಭಾರ, ಅಷ್ಟೇ."

ಗುರುಶಾಂತನ ಮುಖ ಅರಳಿತು. ಮರುಗಳಿಗೆ ಬಾಡಿತು.

"ಏನಪ್ಪಾ, ಕಲ್ಲು ಬರುತ್ತೋ, ಇಲ್ಲ ನಿನ್ನ ತಲೆ ಮೇಲೇ ರುಬ್ಬಲೋ?" ಅಂತ ದೊಡ್ಡತಾಯಮ್ಮ ಸೆರಗು ಸಿಕ್ಕಿಸಿ ನೀರಿಗಿಳಿದು ಕಲ್ಲಿನ ಒಂದು ಕಡೆ ಹಿಡಿದಳು. ಗುರುಶಾಂತ ಇನ್ನೊಂದು ಕಡೆ ಹಿಡಿದ. ಕಲ್ಲು ನೀರು ಬಿಟ್ಟು ಎದ್ದಿತು, ಈ ಸಲ ಬೀಳಲಿಲ್ಲ.

ಮೆಟ್ಟಿಲ ಹತ್ತಿರ ಬಂದಾಗ ಅವನಿಗೆ ಕೇಳದೆ ಇರಲಾಗಲಿಲ್ಲ.

"ಬುದ್ಧೀ, ಹಾಗಾದರೆ ನನ್ನ ಹನ್ನೆರಡು ವರ್ಷದ ಸಾಧನೆ? ಅಷ್ಟೂ ದಿನ ಹಸಿವಿನ ಚಿಂತೆಯಿಲ್ಲ, ನಾಳೆಯ ಚಿಂತೆಯಿಲ್ಲ. ಯಾರೋ ಎತ್ತಿ ಹಿಡಿದ ಹಾಗೆ ಮೈಯೆಲ್ಲ ಹಗುರ ಇತ್ತು. ಅದಾದರೂ ಸಿದ್ಧಿ ತಾನೇ?"

ಗುರುಗಳು ಸಿಪ್ಪೆ ಕೊಡವಿ ಎದ್ದರು.

"ಕಲ್ಲು ಇಳಿಸಿದ ಮೇಲೆ, ಆ ಕಡೆ ಹಿಡಿದಿರೋ ತಾಯಿಯನ್ನ ಒಂದು ಮಾತು ಕೇಳು. ಅವ್ವಾ, ಹನ್ನೆರಡು ವರ್ಷದಿಂದ ನೀನು ದಿನಾ ಒಲೆ ಹಚ್ಚೋಕೆ ಎಷ್ಟು ಹೊತ್ತಿಗೆ ಏಳ್ತೀಯ ಅಂತ."