ಹಸಿರು ಕೂಲೆಂಟಿಗೆ ಆಸೆಪಟ್ಟ ರೇಸ್ ಬೈಕು

ಎಂಜಿನ್ ತಂಪಾಗಿರಲೆಂದು ರೇಸ್ ಬೈಕಿನ ರೇಡಿಯೇಟರಿಗೆ ಮೆಕ್ಯಾನಿಕ್ ಖಾದರ್ ನೀರು ಹೊಯ್ಯುತ್ತಿದ್ದ. ಪಕ್ಕದಲ್ಲಿದ್ದ ಟ್ಯಾಕ್ಸಿ ನಕ್ಕಿತು.

“ಏನಪ್ಪಾ ಪೈಲ್ವಾನ, ಬರೀ ನೀರು ಕುಡಿದು ಗೆಲ್ತೀಯಾ? ನನ್ನ ನೋಡು, ವರ್ಷವಿಡೀ ಹಸಿರು ಕೂಲೆಂಟು!”

ಬೈಕಿಗೆ ಅವಮಾನವಾಯಿತು. “ನನಗೂ ಅದೇ ಬೇಕು.”

“ಟ್ಯಾಕ್ಸಿಗೆ ಅದು ಸರಿ. ರೇಸಲ್ಲಿ ಚೆಲ್ಲಿದ್ರೆ ಎಣ್ಣೆ ಥರ ಜಾರುತ್ತೆ ಕಣೋ,” ಎಂದ ಖಾದರ್.

“ಹಾಗಾದ್ರೆ ನಾನು ಸ್ಟಾರ್ಟೇ ಆಗಲ್ಲ!”

ಖಾದರ್ ಸೋತು ಕೂಲೆಂಟ್ ತುಂಬಿದ.

ರೇಸಿನಲ್ಲಿ ಬೈಕು ಎಲ್ಲರಿಗಿಂತ ಮುಂದಿತ್ತು. ಗೆಲ್ಲಲು ಒಂದೇ ತಿರುವು ಬಾಕಿ ಇದ್ದಾಗ ಪೈಪು ಕಳಚಿ, ಕೂಲೆಂಟು ಅದರದೇ ಹಿಂದಿನ ಚಕ್ರಕ್ಕೆ ಚೆಲ್ಲಿತು. ಬೈಕು ಜರ್ರನೆ ಜಾರಿಬಿತ್ತು. ಹಿಂದೆ ಬಂದ ಆರು ಬೈಕುಗಳೂ ಜಾರಿ ಅದರ ಮೇಲೇ ಬಿದ್ದವು.

ಬೇಲಿಯಾಚೆಯಿಂದ ಟ್ಯಾಕ್ಸಿ ಕೂಗಿತು, “ಏನಾಯ್ತೋ?”

ರಾಶಿಯ ಅಡಿಯಿಂದ ಬೈಕು ಹೇಳಿತು, “ಏನಿಲ್ಲಣ್ಣ, ನೀನು ಹೊಗಳಿದ ಕೂಲೆಂಟನ್ನ ಎಲ್ಲರಿಗೂ ಹಂಚಿಬಿಟ್ಟೆ.”