ದಾವಲಸಾಬ ತಗ್ಗಿಸಿದ ಕಾರಿನಲ್ಲಿ ಕೂತ ಅಕ್ಕಿ ಮೂಟೆ

ಇಸವಿ ಕೇಳಬೇಡಿ. ರಸ್ತೆಗೆ ಡಾಂಬರು ಬಂದು, ಡಾಂಬರಿಗೆ ಗುಂಡಿ ಬಂದು, ಒಂದೊಂದು ಗುಂಡಿಗೂ ಹೆಸರು ಬಂದಿದ್ದ ಕಾಲ. ಅಷ್ಟು ಹಿಂದೆ, ಮೂರು ರಸ್ತೆ ಕೂಡುವ ಒಂದು ಊರು, ಕಲ್ಲಹೊಳೆ ಕ್ರಾಸು. ಆ ಊರಿನಲ್ಲಿ ಒಬ್ಬ ದಾವಲಸಾಬ. ಅವನ ಕಸುಬೆಲ್ಲ ಗಾಡಿಗಳ ಕೆಳಗೆ. ಸ್ಪ್ರಿಂಗು ಸುತ್ತುವುದು, ಕುಲುಕು ನುಂಗುವ ಶಾಕಪ್ಪು ಕೂರಿಸುವುದು, ಎತ್ತರದ ಗಾಡಿ ತಗ್ಗಿಸುವುದು, ಕುಸಿದ ಗಾಡಿ ಎಬ್ಬಿಸುವುದು.

ಜನ ಏನೇನೋ ಹೇಳುತ್ತಾರೆ. ಅವನು ಒಂದು ಎತ್ತಿನ ಗಾಡಿಗೆ ಸ್ಪ್ರಿಂಗು ಹಾಕಿದ್ದನಂತೆ. ಹೊಡೆಯುವವನಿರಲಿ, ಎತ್ತುಗಳೇ ನಡೆಯುತ್ತ ನಿದ್ದೆ ಹೋದವಂತೆ. ಅವನು ಕೈ ಹಚ್ಚಿದ ಲಾರಿಯಲ್ಲಿ ಮೊಟ್ಟೆ ಹೇರಿದರೆ ದಾರಿಯಲ್ಲಿ ಒಂದೂ ಒಡೆಯದೆ, ಊರು ಮುಟ್ಟುವಾಗ ಎಲ್ಲ ಮರಿಯಾಗಿರುತ್ತಿದ್ದವಂತೆ. ನಾನು ವ್ಯಾಪಾರದವನು, ಇಂಥ ಮಾತನ್ನು ಅರ್ಧ ಕಳೆದೇ ಕೊಳ್ಳುತ್ತೇನೆ. ಅರ್ಧ ಕಳೆದರೂ ಉಳಿದ ಸರಕು ಕಡಿಮೆಯದಲ್ಲ.

ದಾವಲಸಾಬನ ಮೈ ದೊಡ್ಡದು, ಬಾಯಿ ಅದಕ್ಕಿಂತ ದೊಡ್ಡದು. ಜಾಕಿ ಇಲ್ಲದ ದಿನ ಕಾರನ್ನು ಮಾತಿನಲ್ಲೇ ಎತ್ತುತ್ತಾನೆ ಎಂದು ಅವನ ಹೆಂಡತಿ ಹುಸೇನಬಿ ಹೇಳುತ್ತಿದ್ದಳಂತೆ.

ಅದೇ ಊರಿನಲ್ಲಿ ಮಹಾರುದ್ರ ಅಂತ ಒಬ್ಬ ಹುಡುಗ, ಮೆಣಸಿನಕಾಯಿ ಮಂಡಿಯವರ ಮಗ. ಅವನಿಗೆ ಕೆಂಚನಹಟ್ಟಿಯ ಹುಡುಗಿ ಅನಸೂಯಳ ಜೊತೆ ಮದುವೆ ಗೊತ್ತಾಯಿತು. ಮದುವೆಗೆಂದು ಒಂದು ಬಿಳಿ ಕಾರು ಕೊಂಡ. ಕಾರು ಎತ್ತರ, ಹುಡುಗ ಕುಳ್ಳ. ಪಕ್ಕದಲ್ಲಿ ನಿಂತರೆ ಕಾರಿನವನೋ ಕಾರು ಒರೆಸುವವನೋ ತಿಳಿಯದು. ಅವನು ದಾವಲಸಾಬನ ಹತ್ತಿರ ಬಂದು, ಕಾರು ನೆಲಕ್ಕೆ ನಾಲ್ಕು ಬೆರಳು ಹತ್ತಿರ ಬರಬೇಕು, ಸ್ಪ್ರಿಂಗು ಕೊಯ್ದು ಗಿಡ್ಡ ಮಾಡು ಅಂದ.

ದಾವಲಸಾಬ ಕೊಯ್ಯಲು ಒಪ್ಪಲಿಲ್ಲ. ಕೊಯ್ದ ಸ್ಪ್ರಿಂಗು ತನ್ನ ಜಾಗದಲ್ಲಿ ಕೂರುವುದಿಲ್ಲ, ಗುಂಡಿ ಬಂದಾಗ ಕಳಚಿಕೊಂಡು ಎಗರುತ್ತದೆ, ಗಿಡ್ಡ ಬೇಕಾದರೆ ಗಿಡ್ಡದ್ದನ್ನೇ ಸುತ್ತಬೇಕು ಅಂದ. ಸುತ್ತಿದ. ಅದಕ್ಕೆ ತಕ್ಕ ಗಿಡ್ಡ ಶಾಕಪ್ಪು ಕೂರಿಸಿದ. ಕಾರು ಬೆಕ್ಕು ಹೊಂಚು ಹಾಕಿದ ಹಾಗೆ ನಿಂತಿತು. ಮಹಾರುದ್ರ ಪಕ್ಕದಲ್ಲಿ ನಿಂತರೆ ಅವನ ಹೆಗಲು ಕಾರಿನ ತಲೆಗಿಂತ ಮೇಲೆ.

ಈಗ ಒಂದು ವಿಷಯ ತಿಳಿದುಕೊಳ್ಳಿ. ಕೆಂಚನಹಟ್ಟಿಯ ಊರಬಾಯಲ್ಲಿ ರಸ್ತೆಗೆ ಅಡ್ಡ ಒಂದು ಉಬ್ಬು. ಲಾರಿಗಳು ಕೋಳಿ ತುಳಿಯಬಾರದೆಂದು ಊರವರೇ ಕಲ್ಲು ಮಣ್ಣು ಹಾಕಿ ಕಟ್ಟಿದ್ದು. ಎತ್ತರ ಎಷ್ಟು ಅಂದರೆ, ಅದನ್ನು ಹತ್ತಿದ ಡ್ರೈವರನಿಗೆ ಪಕ್ಕದ ಊರಿನ ಸಂತೆ ಕಾಣುತ್ತಿತ್ತಂತೆ. ಆ ಸೀಮೆಯ ಪದ್ಧತಿ ಏನೆಂದರೆ, ತವರಿನ ಬಾಗಿಲಲ್ಲಿ ಗಾಡಿ ಹತ್ತಿದ ಮದುಮಗಳು ಗಂಡನ ಮನೆಯ ಹೊಸ್ತಿಲ ತನಕ ನೆಲ ಮುಟ್ಟಬಾರದು. ಕಾರಿನ ಹೊಟ್ಟೆ ಉಬ್ಬಿಗೆ ಸಿಕ್ಕಿ, ಎತ್ತಿ ತಳ್ಳಲು ಅವಳು ಇಳಿದಳೋ, ಆ ಇಳಿದ ಮಾತು ಅವಳ ಮೊಮ್ಮಕ್ಕಳ ಕಾಲಕ್ಕೂ ಇಳಿಯುವುದಿಲ್ಲ.

ದಾವಲಸಾಬ ತಾನೇ ಕಾರು ಹೊಡೆದುಕೊಂಡು ಹೋಗಿ ಉಬ್ಬು ದಾಟಿಸಿ ಬಂದ. ಬಂದವನು ಅಂಗಳದಲ್ಲಿ ನಿಂತು ಎಲ್ಲರಿಗೂ ಕೇಳುವ ಹಾಗೆ, ತಳ ತಗುಲಿದರೆ ಕುಲುಮೆಗೆ ನೀರು ಹೊಯ್ದು ಕಸುಬು ಬಿಡುತ್ತೇನೆ ಅಂದುಬಿಟ್ಟ. ಕೇಳಿದವರು ಬಹಳ ಜನ. ಆಡಿದ ಮೇಲೆ ಮಾತು ಹಿಂದಕ್ಕೆ ಬರುವ ಸರಕಲ್ಲ.

ಹುಸೇನಬಿ ಒಳಗಿಂದ ಬಂದು ಮಹಾರುದ್ರನನ್ನು ಕೇಳಿದಳು. "ಮದುವೆಗೆ ನೀನೊಬ್ಬನೇ ಹೋಗಿ ಒಬ್ಬನೇ ಬರ್ತೀಯೇನಪ್ಪ?"

"ಇಲ್ಲ ಚಿಕ್ಕಮ್ಮ. ಅಜ್ಜಿ ಬರ್ತಾಳೆ, ಸೋದರತ್ತೆ ಬರ್ತಾಳೆ."

"ನಿಮ್ಮಮ್ಮ ನೀಲಮ್ಮನವರು?" ಅಂದಳು ಹುಸೇನಬಿ. ಅಂದು ಗಂಡನ ಮುಖ ನೋಡಿದಳು. ದಾವಲಸಾಬನ ಬಾಯಿ ಅವತ್ತು ಮೊದಲ ಸಲ ಮುಚ್ಚಿತು ಅಂತಾರೆ. ನೀಲಮ್ಮನವರು ಕೂತ ಜಟಕಾದ ಕುದುರೆ ಮುಂಗಾಲು ಎತ್ತಿ ಗಾಳಿಯಲ್ಲಿ ತೇಲಿದ್ದನ್ನು ಊರು ಕಂಡಿತ್ತು.

ಮನೆಮಂದಿಯನ್ನು ಕರೆಸಿದರು. ಎಲ್ಲರೂ ಅಂಗಳಕ್ಕೆ ಬಂದು ಕಾರಿನಲ್ಲಿ ಕೂತರು. ಕಾರು ಉಸಿರು ಬಿಟ್ಟು ಮಲಗಿತು. ಚಕ್ರ ಮಡ್‌ಗಾರ್ಡಿಗೆ ಹತ್ತಿತು, ಕೆಳಗೆ ಚಪ್ಪಲಿ ತೂರಿಸಲೂ ಜಾಗ ಇಲ್ಲ.

"ನನ್ನ ಕಡೆ ನೋಡಬೇಡ ದಾವಲಣ್ಣ," ಅಂದರು ನೀಲಮ್ಮ. "ನಾನು ಬೆಳಿಗ್ಗೆಯಿಂದ ಒಂದು ಲೋಟ ಚಹಾ ಕುಡಿದವಳು."

"ನಿಮ್ಮನ್ನ ಯಾರು ಏನಂದ್ರು ತಾಯಿ. ತಪ್ಪು ಸ್ಪ್ರಿಂಗಿಂದು," ಅಂದ ದಾವಲಸಾಬ.

ಮತ್ತೆ ಕುಲುಮೆ ಹೊತ್ತಿತು. ಈ ಸಲ ದಪ್ಪ ಸರಳು ತಂದ, ಗಿಡ್ಡವೂ ಗಟ್ಟಿಯೂ ಆಗಿ ಸುತ್ತಿದ. ಮಂದಿಯನ್ನು ಕೂರಿಸಿ ನೋಡಿಯೇ ಎತ್ತರ ಹಿಡಿಯಬೇಕು ಎಂದು ಗೊತ್ತಾಗಿತ್ತು. ಆದರೆ ಹಿಂದಿನ ಸೀಟಿನಲ್ಲಿ ಒಂದು ಜಾಗ ಖಾಲಿ. ಮದುಮಗಳದ್ದು. ಮದುವೆಗೆ ಮುಂಚೆ ಅವಳು ಇಲ್ಲಿ ಬಂದು ಕೂರುವ ಹಾಗಿಲ್ಲ. ಅವಳ ಬದಲು ಅಕ್ಕಿ ಇಡೋಣ ಅಂದರು. ಎಷ್ಟು ಇಡೋಣ? ಮಹಾರುದ್ರನನ್ನು ಕೇಳಿದರು. ಅವನು ಅವಳನ್ನು ನೋಡಿದ್ದು ಒಂದೇ ಸಲ, ಅದೂ ಉಪ್ಪಿಟ್ಟಿನ ತಟ್ಟೆಯ ಮೇಲಿಂದ. ಅರ್ಧ ಮೂಟೆ ಸಾಕು ಅಂದ.

ಹುಸೇನಬಿಯ ಅಕ್ಕನನ್ನು ಕೊಟ್ಟದ್ದು ಕೆಂಚನಹಟ್ಟಿಗೆ. ಅವಳು ಅಕ್ಕನನ್ನು ನೋಡುವ ನೆಪದಲ್ಲಿ ಹೋಗಿ, ಅನಸೂಯಳನ್ನೇ ಬಾವಿಕಟ್ಟೆಯಲ್ಲಿ ಹಿಡಿದು, ನಿನ್ನ ಬದಲು ಎಷ್ಟು ಅಕ್ಕಿ ಇಡೋಣ ಎಂದು ನೇರವಾಗಿ ಕೇಳಿದಳಂತೆ. ಹುಡುಗಿ ಬಿಂದಿಗೆ ಕೆಳಗಿಟ್ಟು, ಸ್ವಲ್ಪ ಯೋಚಿಸಿ, ಪೂರ್ತಿ ಮೂಟೆ ಇಡಲಿ ಅಂದಳಂತೆ. ಹುಸೇನಬಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಹುಡುಗಿ ನುಗ್ಗೆಕಾಯಿ ಹಾಗಿದ್ದಳು. ಆದರೂ ಬಂದು ಗಂಡನಿಗೆ ಅದನ್ನೇ ಹೇಳಿದಳು. "ಪೂರ್ತಿ ಮೂಟೆ. ಯಾಕೆ ಅಂತ ಕೇಳಬೇಡಿ, ನನಗೂ ಗೊತ್ತಿಲ್ಲ. ಅವಳ ತೂಕ ಅವಳಿಗೆ ಗೊತ್ತಿರುತ್ತೆ."

ಸರಿ, ಪೂರ್ತಿ ಮೂಟೆ ಬಂತು. ಅಜ್ಜಿಗೂ ನೀಲಮ್ಮನವರಿಗೂ ನಡುವೆ ಮೂಟೆಯನ್ನು ಕೂರಿಸಿದರು. ಎಲ್ಲರ ಕೈಗೆ ಮಂಡಕ್ಕಿ ಮೆಣಸಿನಕಾಯಿ ಕೊಟ್ಟು ಅಲ್ಲಾಡಬೇಡಿ ಅಂದರು. ದಾವಲಸಾಬ ಬೆರಳು ಇಟ್ಟು ಅಳೆದ. ಆಮೇಲೆ ಕಾರಿನ ಕೆಳಗೆ ತೆವಳಿ, ಮಂದಿ ಮೇಲೆ ಕೂತಿರುವಾಗಲೇ ಕೀಲುಗಳೊಳಗಿನ ರಬ್ಬರ್ ಬುಷ್ಷಿನ ಬೋಲ್ಟುಗಳಿಗೆ ಕೊನೆಯ ಬಿಗಿ ಕೊಟ್ಟ. ಚಕ್ರ ಜೋತು ಬಿದ್ದಾಗ ಬಿಗಿದ ಬುಷ್ಷು ಕತ್ತು ತಿರುಚಿ ಮಲಗಿದವನ ಹಾಗೆ, ಭಾರ ಬಿದ್ದಾಗ ಹರಿಯುತ್ತದೆ ಎನ್ನುವುದು ಅವನ ಲೆಕ್ಕ.

ಮಂದಿ ಇಳಿದರು, ಕಾರು ಮೇಲೆದ್ದಿತು. ಮಹಾರುದ್ರನ ಮುಖ ಬಾಡಿತು.

"ದಾವಲಣ್ಣ, ಖಾಲಿ ಇದ್ದಾಗ ಮತ್ತೆ ಎತ್ತರ ಕಾಣ್ತದಲ್ಲ."

"ಖಾಲಿ ಕಾರಿನಲ್ಲಿ ಯಾರನ್ನ ಕರ್ಕೊಂಡು ಬರ್ತೀಯ ತಮ್ಮಾ?"

ಮದುವೆ ಆಯಿತು. ಊಟ ಆಯಿತು. ಅನಸೂಯ ಬಂದು ಕಾರಿನಲ್ಲಿ ಕೂತಳು. ಕೂತ ಮೇಲೆ ನೋಡುತ್ತಾರೆ, ಅವಳ ತೊಡೆಯ ಮೇಲೆ ಹೊಲಿಗೆ ಯಂತ್ರ. ಅದರ ಕಬ್ಬಿಣದ ಕಾಲನ್ನು, ಬೀಗರು ಉಣ್ಣುತ್ತಿದ್ದಾಗಲೇ ಅವಳ ಅಣ್ಣಂದಿರು ಡಿಕ್ಕಿಗೆ ಹಾಕಿಯಾಗಿತ್ತು. ಊರವರ ಬಟ್ಟೆ ಹೊಲಿದ ದುಡ್ಡಿನಲ್ಲಿ ಅವಳು ತಾನೇ ಕೊಂಡ ಯಂತ್ರವಂತೆ ಅದು. ಆಮೇಲೆ ಬರುತ್ತದೆ ಎಂದು ತವರಿನಲ್ಲಿ ಬಿಟ್ಟ ಸಾಮಾನು ಬಂದದ್ದನ್ನು ಅವಳು ಎಲ್ಲೂ ಕಂಡಿರಲಿಲ್ಲ. ಕಂಡಿದ್ದರೆ ನಾನೂ ಹೇಳುತ್ತಿದ್ದೆ.

"ಇದನ್ನ ಆಮೇಲೆ ಕಳಿಸಿದರಾಯ್ತು, ಇಳಿಸಮ್ಮ," ಅಂದರು ನೀಲಮ್ಮ.

"ಡಿಕ್ಕಿಲಿರೋದು ಇಳಿಸಬಹುದು, ಅತ್ತೆ. ತೊಡೆ ಮೇಲಿರೋದು ಇಳಿಸಬೇಕಂದ್ರೆ ನಾನೂ ಇಳೀಬೇಕು," ಅಂದಳು ಅನಸೂಯ.

ಇಳಿ ಅನ್ನುವ ಧೈರ್ಯ ಆ ದಿಬ್ಬಣದಲ್ಲಿ ಯಾರಿಗೂ ಇರಲಿಲ್ಲ. ಕಾಲು ಇಲ್ಲದ ಬರೀ ಯಂತ್ರ ಒಯ್ದು ಏನು ಮಾಡುವುದು ಎಂದು ಡಿಕ್ಕಿಯನ್ನೂ ಮುಚ್ಚಿದರು.

ಕಾರು ಉಬ್ಬಿನ ಹತ್ತಿರ ಬಂತು. ಎರಡೂ ಊರಿನ ಜನ ರಸ್ತೆಯ ಇಕ್ಕೆಲದಲ್ಲಿ ಕೆನ್ನೆ ನೆಲಕ್ಕೆ ಹಚ್ಚಿ ನೋಡಿದರು. ದಾವಲಸಾಬ ನೋಡಲಿಲ್ಲ, ಬೆನ್ನು ತಿರುಗಿಸಿ ಕಿವಿಗೊಟ್ಟು ನಿಂತ. ಮುಂದಿನ ಚಕ್ರ ಏರಿತು, ಇಳಿಯಿತು. ಹೊಟ್ಟೆ ದಾಟಿತು. ಹಿಂದಿನ ಚಕ್ರ ಏರಿತು, ಇಳಿಯಿತು. ತಗುಲಿದ ಸದ್ದು ಬರಲಿಲ್ಲ. ಕಾರಿನ ಕೆಳಗೆ ಒಂದು ಕೋಳಿ ಮರಿಗಳ ಸಮೇತ ಆರಾಮಾಗಿ ದಾಟಿಹೋಯಿತು ಅಂತಾರೆ. ಒಂದು ನಿಂಬೆಹಣ್ಣು ಇಟ್ಟಿದ್ದರು, ಅದು ಉರುಳಲೂ ಇಲ್ಲ ಅಂತಾರೆ. ನನ್ನನ್ನು ಕೇಳಿದರೆ ಎರಡು ಬೆರಳು ಜಾಗ ಉಳಿದಿತ್ತು. ಅರ್ಧ ಮೂಟೆ ಇಟ್ಟು ಅಳೆದಿದ್ದರೆ ಆ ಎರಡು ಬೆರಳೂ ಇರುತ್ತಿರಲಿಲ್ಲ.

ಅನಸೂಯ ಹೊಸ್ತಿಲಲ್ಲೇ ಇಳಿದಳು, ಯಂತ್ರದ ಸಮೇತ. ದಾವಲಸಾಬನ ಕುಲುಮೆ ಆರಲಿಲ್ಲ. ಮೂಟೆ ಅವನ ಮನೆಯಲ್ಲೇ ಉಳಿಯಿತು. ಅದನ್ನು ಯಾರೂ ವಾಪಸು ಕೇಳಲಿಲ್ಲ, ಅವನೂ ನೆನಪು ಮಾಡಲಿಲ್ಲ. ಕಸುಬುದಾರನಾದರೂ ವ್ಯಾಪಾರ ಬಲ್ಲವನು.

ಅವನು ಹೋಗಿ ಎಷ್ಟೋ ಕಾಲವಾಯಿತು. ಉಬ್ಬನ್ನೂ ಕಿತ್ತುಹಾಕಿದರು. ಈಗಲೂ ಕಲ್ಲಹೊಳೆ ಕ್ರಾಸಿನಲ್ಲಿ ಯಾರು ಕಾರಿನ ಸ್ಪ್ರಿಂಗು ಬದಲಿಸಲಿ, ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಗ್ಯಾರೇಜಿಗೆ ಬಂದು ಸೀಟಿನಲ್ಲಿ ಕೂರುತ್ತಾರೆ. ಮದುವೆಗೆ ಬಂದ ಮಗನಿರುವ ಮನೆಯಾದರೆ ಒಂದು ಮೂಟೆ ಅಕ್ಕಿಯೂ ಬರುತ್ತದೆ, ಪೂರ್ತಿ ಮೂಟೆ. ಮೂಟೆಗೆ ಕುಂಕುಮ ಇಟ್ಟು ಕೂರಿಸುತ್ತಾರೆ. ಕೆಳಗೆ ಮಲಗಿದ ಮೇಸ್ತ್ರಿ ಬೋಲ್ಟಿಗೆ ಪಾನಾ ಹಚ್ಚಿ ತಿರುಗಿಸುವ ಮೊದಲು ಮೇಲೆ ಕೂತವರಿಗೆ ಕೂಗಿ ಹೇಳುತ್ತಾನೆ: ಸ್ವಲ್ಪ ಸರಿದು ಕೂತ್ಕೊಳ್ಳಿ, ಅವಳ ಸಾಮಾನಿಗೂ ಜಾಗ ಬಿಡಿ.